ತೂತು ಬಿದ್ದ ಗ್ಲೌಸ್ ಮತ್ತು ಗಾಲ್ಫ್ ಗ್ರಿಪ್

ಗಾಲ್ಫ್ ಗ್ಲೌಸ್ ಹರಿದರೆ ತಕ್ಷಣ ಬಿಸಾಡಬೇಡಿ. ಅಂಗೈ ಭಾಗ ಮೇಲೆ ಬರುವ ಹಾಗೆ ಕಿಟಕಿ ಪಕ್ಕ ಇಟ್ಟುಕೊಂಡು ಒಂದು ನಿಮಿಷ ನೋಡಿ. ಎಲ್ಲಿ ತೂತು ಬಿದ್ದಿದೆ? ಎಲ್ಲಿ ಕಪ್ಪಗೆ ಹೊಳಪು ಬಂದಿದೆ? ಎಲ್ಲಿ ಚರ್ಮ ಇನ್ನೂ ಹೊಸದರ ಹಾಗೇ ಇದೆ? ನೀವು ಕ್ಲಬ್, ಅಂದರೆ ಬಾಲ್ ಹೊಡೆಯುವ ಕೋಲು, ಹೇಗೆ ಹಿಡಿಯುತ್ತೀರಿ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಮೈಸೂರಿನಲ್ಲಿ ಬ್ಲೌಸ್ ಹೊಲಿಯುವುದು ನನ್ನ ಕೆಲಸ. ಅಂಗಡಿ ಬಾಗಿಲು ತೆಗೆಯುವ ಮುಂಚೆ ರೇಸ್ ಕೋರ್ಸ್ ಹತ್ತಿರದ ನಮ್ಮ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ಒಂಚೂರು ಆಡಿ ಬರುತ್ತೇನೆ. ಎದುರಿಗೆ ಚಾಮುಂಡಿ ಬೆಟ್ಟ, ಕೈಯಲ್ಲಿ ಏಳನೇ ನಂಬರ್ ಐರನ್ ಅನ್ನುವ ಕ್ಲಬ್. ದಿನವಿಡೀ ಅಳತೆ ತೆಗೆಯುವ ಕೈ ಇದು. ಹಾಗಾಗಿ ಆಟಕ್ಕೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಜನರ ಗ್ಲೌಸ್ ಕಡೆಗೆ. ದೂರ ಹೊಡೆಯುವ ಡ್ರೈವರ್ ಅನ್ನುವ ಕ್ಲಬ್ಬಿಗೆ ಸಾವಿರಾರು ರೂಪಾಯಿ ಹಾಕಿದವರು ಗ್ಲೌಸನ್ನು ಮಾತ್ರ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ತಂದಿರುತ್ತಾರೆ. ಅದು ಯಾಕೋ ನನಗೆ ಸಹಿಸಲು ಆಗುವುದಿಲ್ಲ. ಆಟಗಾರನಿಗೂ ಕ್ಲಬ್ಬಿಗೂ ಸಂಬಂಧ ಇರುವುದೇ ಆ ಎರಡು ಕೈಗಳಲ್ಲಿ. ಹಿಡಿತ ಸರಿ ಇಲ್ಲದವರಿಗೆ ಎಂಥ ಗ್ಲೌಸೂ ಬಾಳಿಕೆ ಬರುವುದಿಲ್ಲ, ಗ್ಲೌಸ್ ಸಡಿಲ ಇದ್ದವರಿಗೆ ಹಿಡಿತ ಕೂರುವುದಿಲ್ಲ. ಎರಡನ್ನೂ ಒಟ್ಟಿಗೇ ನೋಡಬೇಕು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಅಣ್ಣನ ಮಗ ಹಬ್ಬಕ್ಕೆ ಬಂದಿದ್ದ. ಅವನೂ ಈಚೆಗೆ ಬಾಲ್ ಹೊಡೆದು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿಗೆ ಹೋಗಲು ಶುರು ಮಾಡಿದ್ದಾನೆ. ಕಾಫಿ ಕುಡಿಯುತ್ತಾ ಕೇಳಿದ:

"ಅತ್ತೆ, ಬಾಲೆಲ್ಲಾ ಬಲಗಡೆಗೇ ಹೋಗ್ತಿದೆ. ಗ್ಲೌಸ್ ಬೇರೆ ಬೇಗ ಬೇಗ ಹರಿದುಹೋಗುತ್ತೆ. ಯಾವುದಾದ್ರೂ ಒಳ್ಳೇ ಬ್ರ್ಯಾಂಡ್ ಹೇಳಿ."

"ಬ್ರ್ಯಾಂಡ್ ಆಮೇಲೆ ನೋಡೋಣ ಕಣೋ. ಮೊದಲು ಆ ಹರಿದಿರೋ ಗ್ಲೌಸ್ ತಂದು ಕೊಡು."

ತಂದುಕೊಟ್ಟ. ಬಿಳಿ ಚರ್ಮದ ಗ್ಲೌಸ್, ಬೆರಳುಗಳ ಭಾಗ ಹೆಚ್ಚುಕಮ್ಮಿ ಹೊಸದರ ಹಾಗೇ ಇತ್ತು. ಆದರೆ ಕಿರುಬೆರಳಿನ ಕೆಳಗೆ, ಮಣಿಕಟ್ಟಿನ ಹತ್ತಿರ ಅಂಗೈಯಲ್ಲಿ ಮೆತ್ತಗೆ ಒಂದು ದಿಂಡು ಇದೆಯಲ್ಲ, ಅಲ್ಲಿ ಕಡಲೆಕಾಳಿನಷ್ಟು ತೂತು. ಸುತ್ತ ಚರ್ಮ ಎಳೆದು ತೆಳ್ಳಗಾಗಿತ್ತು. ಹಾಕಿಕೋ ಅಂದೆ. ಹಾಕಿಕೊಂಡಾಗ ನಡುಬೆರಳಿನ ತುದಿಯಲ್ಲಿ ಖಾಲಿ ಚರ್ಮ ಚಿವುಟಲು ಸಿಗುತ್ತಿತ್ತು. ವೆಲ್ಕ್ರೋ ಪಟ್ಟಿ ಪೂರ್ತಿ ಆ ತುದಿಯವರೆಗೂ ಹೋಗಿ ಕೂತಿತ್ತು. ಅಂದರೆ ಎರಡು ತೊಂದರೆ. ಗ್ಲೌಸ್ ಅವನ ಕೈಗಿಂತ ಒಂದು ಸೈಜ್ ದೊಡ್ಡದು. ಕ್ಲಬ್ ಹಿಡಿಯುತ್ತಿರುವುದು ಬೆರಳುಗಳಲ್ಲಿ ಅಲ್ಲ, ಅಂಗೈಯಲ್ಲಿ.

ಅಂಗೈಯಲ್ಲಿ ಹಿಡಿದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಮಣಿಕಟ್ಟು ಸಲೀಸಾಗಿ ಮಡಿಯುವುದಿಲ್ಲ. ಕ್ಲಬ್ ಮೇಲಕ್ಕೆ ಹೋದಾಗ ಕೊನೆಯ ಮೂರು ಬೆರಳು ತಾವಾಗಿಯೇ ಸ್ವಲ್ಪ ಬಿಚ್ಚಿಕೊಳ್ಳುತ್ತವೆ, ಕೆಳಗೆ ಬರುವಾಗ ಮತ್ತೆ ಬಿಗಿಯಾಗುತ್ತವೆ. ಆ ಬಿಚ್ಚಿ ಬಿಗಿಯುವ ಗಡಿಬಿಡಿಯಲ್ಲಿ ಕ್ಲಬ್ಬಿನ ಹಿಡಿ ದಿಂಡಿನ ಮೇಲೆ ಉಜ್ಜುತ್ತದೆ. ಪ್ರತಿ ಹೊಡೆತಕ್ಕೂ ಅದೇ ಜಾಗ. ಚರ್ಮ ಎಷ್ಟು ದಿನ ತಡೆದೀತು? ಅಷ್ಟರಲ್ಲಿ ಕ್ಲಬ್ಬಿನ ಮುಖವೂ ತೆರೆದುಕೊಂಡು, ಅಂದರೆ ಬಲಕ್ಕೆ ತಿರುಗಿಕೊಂಡು, ಬಾಲಿಗೆ ತಾಗುತ್ತದೆ. ಬಾಲ್ ಹೊರಡುವ ದಿಕ್ಕನ್ನು ಹೆಚ್ಚಿನ ಮಟ್ಟಿಗೆ ತೀರ್ಮಾನ ಮಾಡುವುದು ತಾಗುವ ಕ್ಷಣದಲ್ಲಿ ಆ ಮುಖ ಯಾವ ಕಡೆ ನೋಡುತ್ತಿದೆ ಅನ್ನುವುದೇ. ಮುಖ ತೆರೆದಿದ್ದರೆ ಬಾಲ್ ಬಲಕ್ಕೆ ಬಾಗುತ್ತದೆ, ಅದೇ ಸ್ಲೈಸ್. ಅವನ ತೂತೂ ಅವನ ಸ್ಲೈಸೂ ಒಂದೇ ಕಾರಣಕ್ಕೆ ಹುಟ್ಟಿದ್ದು.

(ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರಿಗೆ. ಅವರು ಸಾಮಾನ್ಯವಾಗಿ ಗ್ಲೌಸ್ ಹಾಕುವುದು ಎಡಗೈಗೆ ಮಾತ್ರ. ಎಡಚರು ಅದಲುಬದಲು ಮಾಡಿಕೊಳ್ಳಿ.)

ಹಿಡಿಯುವುದು ಹೇಗೆ? ನಿಂತುಕೊಂಡು ಎಡಗೈಯನ್ನು ಸುಮ್ನೆ ಪಕ್ಕಕ್ಕೆ ಇಳಿಬಿಡಿ. ಬೆರಳುಗಳು ತಮ್ಮಷ್ಟಕ್ಕೆ ಸ್ವಲ್ಪ ಮಡಿದಿರುತ್ತವೆ. ಅಂಗೈ ನಿಮ್ಮ ತೊಡೆ ಕಡೆಗೆ, ತುಸು ಹಿಂದಕ್ಕೆ ತಿರುಗಿರುತ್ತದೆ. ಕೈಯನ್ನು ಹಾಗೇ ಮುಂದೆ ತಂದು ಕ್ಲಬ್ಬಿನ ಮೇಲೆ ಇಡಿ. ಕ್ಲಬ್ಬಿನ ಹಿಡಿ ತೋರುಬೆರಳಿನ ನಡುಗೆಣ್ಣಿನಿಂದ ಹೊರಟು ಕಿರುಬೆರಳಿನ ಬುಡದವರೆಗೆ ಓರೆಯಾಗಿ ಹೋಗಬೇಕು. ಆಮೇಲೆ ಬೆರಳು ಮಡಚಿ. ಆಗ ಆ ದಿಂಡು ಹಿಡಿಯ ಮೇಲ್ಭಾಗಕ್ಕೆ ಬಂದು ಕೂರುತ್ತದೆ. ಹೆಬ್ಬೆರಳು ನಡುಮಧ್ಯೆ ಬೇಡ, ಒಂದು ಕೂದಲೆಳೆ ಬಲಕ್ಕೆ ಇರಲಿ. ಹೆಬ್ಬೆರಳನ್ನು ಉದ್ದಕ್ಕೆ ಚಾಚಲೂ ಬೇಡಿ.

ಸರಿ ಇದೆಯೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ. ಉಳಿದ ಬೆರಳುಗಳನ್ನೆಲ್ಲ ಬಿಟ್ಟು, ಬರೀ ತೋರುಬೆರಳು ಮತ್ತು ದಿಂಡಿನ ಮಧ್ಯೆ ಕ್ಲಬ್ಬನ್ನು ನೆಲದಿಂದ ಎತ್ತಿ ನೋಡಿ. ದಿಂಡು ಮೇಲಿದ್ದರೆ ಕ್ಲಬ್ ಆರಾಮಾಗಿ ನಿಲ್ಲುತ್ತದೆ. ಅಂಗೈಯಲ್ಲಿ ಹಿಡಿದಿದ್ದರೆ ಜಾರಿ ಬೀಳುತ್ತದೆ. ಅಣ್ಣನ ಮಗನ ಕೈಯಿಂದ ಮೊದಲ ಸಲ ಜಾರಿಯೇ ಹೋಯಿತು. ಕೈಯನ್ನು ಹೀಗೆ ತಿರುಗಿಸಿ ಇಟ್ಟ ಮೇಲೆ ನಿಂತಿತು. ಅವನು ಮುಖ ಅರಳಿಸಿ ಮತ್ತೆ ಮತ್ತೆ ಎತ್ತಿ ಇಳಿಸಿದ.

ಈಗ ಮೇಲಿನಿಂದ ಕೈಯನ್ನು ನೋಡಿ. ಎಡಗೈಯ ಎರಡು ಗೆಣ್ಣು ಚೆನ್ನಾಗಿ ಕಾಣಬೇಕು, ಮೂರನೆಯದು ಇಣುಕಿದರೂ ತೊಂದರೆ ಇಲ್ಲ. ಒಂದೇ ಕಾಣುತ್ತಿದ್ದರೆ ಕೈ ಎಡಕ್ಕೆ ಜಾಸ್ತಿ ತಿರುಗಿದೆ, ಬಾಲ್ ಬಲಕ್ಕೆ ಓಡುತ್ತದೆ. ನಾಲ್ಕೂ ಕಾಣುತ್ತಿದ್ದರೆ ಬಲಕ್ಕೆ ಜಾಸ್ತಿಯಾಯಿತು, ಬಾಲ್ ಎಡಕ್ಕೆ ಸುತ್ತಿಕೊಂಡು ಹೋಗುತ್ತದೆ. ಅದನ್ನೇ ಹುಕ್ ಅನ್ನುವುದು. ಹೆಬ್ಬೆರಳು ತೋರುಬೆರಳು ಸೇರುವ ಗೆರೆ ನಿಮ್ಮ ಬಲ ಭುಜದ ಕಡೆ ನೋಡುತ್ತಿರಲಿ.

ಇಲ್ಲಿ ಒಂದು ಮಾತು ಸೇರಿಸಬೇಕು. ಬೆನ್ ಹೋಗನ್ ಅಂಥ ದೊಡ್ಡ ಆಟಗಾರ ತನ್ನ ಹುಕ್ ತಪ್ಪಿಸಲು ಎಡಗೈಯನ್ನು ಎಡಕ್ಕೆ ತಿರುಗಿಸಿಕೊಂಡ. ಅದು ಅವನ ಕಾಯಿಲೆಗೆ ಅವನು ಕಂಡುಕೊಂಡ ಮದ್ದು. ಸ್ಲೈಸ್ ಇರುವ ನಮ್ಮಂಥವರು ಅದೇ ಮದ್ದು ತಗೊಂಡರೆ ಕಾಯಿಲೆ ಇನ್ನೂ ಹೆಚ್ಚುತ್ತದೆ. ಯಾರದೋ ಗ್ರಿಪ್ಪಿನ ಫೋಟೋ ನೋಡಿ ಹಾಗೇ ನಕಲು ಮಾಡುವ ಮುಂಚೆ ನಿಮ್ಮ ಬಾಲ್ ಯಾವ ಕಡೆ ಹೋಗುತ್ತಿದೆ ಅಂತ ನೋಡಿಕೊಳ್ಳಿ.

ಬಲಗೈ ವಿಷಯ ಸಲೀಸು. ಇಲ್ಲೂ ಬೆರಳುಗಳಲ್ಲೇ ಹಿಡಿಯಬೇಕು. ಬಲ ಅಂಗೈಯ ಆಯುಷ್ಯ ರೇಖೆ ಎಡ ಹೆಬ್ಬೆರಳಿನ ಮೇಲೆ ಸರಿಯಾಗಿ ಮುಚ್ಚಿಕೊಂಡರೆ ಸಾಕು. ಎರಡು ಕೈ ಜೋಡಿಸುವ ಬಗೆ ಮೂರು. ಬಲ ಕಿರುಬೆರಳನ್ನು ಎಡಗೈ ಬೆರಳುಗಳ ಮೇಲೆ ಏರಿಸಿ ಕೂರಿಸುವುದು ಒಂದು. ಇದನ್ನು ಹ್ಯಾರಿ ವಾರ್ಡನ್ ಹೆಸರಿನಿಂದ ಕರೆಯುತ್ತಾರೆ. 1896ರಿಂದ 1914ರ ನಡುವೆ ಆರು ಸಲ ಬ್ರಿಟಿಷ್ ಓಪನ್ ಗೆದ್ದವನು ಅವನು, ಆ ಗ್ರಿಪ್ ಜನಪ್ರಿಯವಾಗಿದ್ದು ಅವನಿಂದ. ಎರಡನೆಯದು ಬಲ ಕಿರುಬೆರಳು ಮತ್ತು ಎಡ ತೋರುಬೆರಳನ್ನು ಕೊಂಡಿ ಹಾಕುವುದು, ಇಂಟರ್‌ಲಾಕ್. ಜಾಕ್ ನಿಕ್ಲಾಸ್ ಮತ್ತು ಟೈಗರ್ ವುಡ್ಸ್ ಇಬ್ಬರದೂ ಇದೇ. ಮೂರನೆಯದು ಹತ್ತೂ ಬೆರಳು ಹಿಡಿಯ ಮೇಲೇ ಇಡುವುದು, ಮಕ್ಕಳಿಗೆ ಒಳ್ಳೆಯದು. ನನ್ನ ಕೈ ಚಿಕ್ಕದು, ಬೆರಳು ಗಿಡ್ಡ. ನನಗೆ ಇಂಟರ್‌ಲಾಕ್ ಹಿಡಿಸಿದೆ. ನಿಕ್ಲಾಸ್ ಕೈಯೂ ಚಿಕ್ಕದೇ ಅಂತೆ, ಆದರೂ ಮೇಜರ್ ಅನ್ನುವ ದೊಡ್ಡ ಟೂರ್ನಿಗಳನ್ನು 18 ಸಲ ಗೆದ್ದಿದ್ದಾನೆ. ಉದ್ದ ಬೆರಳಿನವರಿಗೆ ವಾರ್ಡನ್ ಗ್ರಿಪ್ ಸುಲಭ. ಇದರಲ್ಲಿ ಮೇಲು ಕೀಳು ಇಲ್ಲ, ನಿಮ್ಮ ಕೈ ಕೇಳಿದ್ದು ಕೊಡಿ.

ಎಷ್ಟು ಬಿಗಿ ಹಿಡಿಯಬೇಕು ಅನ್ನುವುದನ್ನು ಮಾತಿನಲ್ಲಿ ಹೇಳುವುದು ಕಷ್ಟ. ಆಟಗಾರರ ಬ್ಯಾಗ್ ಹೊರುವ ನಮ್ಮ ಕ್ಲಬ್ಬಿನ ಹಿರಿಯ ಕ್ಯಾಡಿಯೊಬ್ಬರು ಹೇಳಿಕೊಟ್ಟ ರೀತಿ ನನಗೆ ತುಂಬಾ ಇಷ್ಟ. "ಮೇಡಂ, ಕೈ ನೋಡ್ಬೇಡಿ, ಮೊಣಕೈ ಕೆಳಗಡೆ ನೋಡಿ" ಅನ್ನುತ್ತಾರೆ. ಬಾಲಿನ ಮುಂದೆ ನಿಂತಾಗ ಮುಂದೋಳಿನ ನರ ಎದ್ದು ಕಾಣುತ್ತಿದ್ದರೆ ಹಿಡಿತ ಬಿಗಿಯಾಯಿತು. ಅಲ್ಲಿ ಮಾಂಸ ಮೆತ್ತಗಿರಬೇಕು. ಎಡಗೈಯ ಕೊನೆಯ ಮೂರು ಬೆರಳು ಮತ್ತು ಬಲಗೈಯ ನಡುವಿನ ಎರಡು ಬೆರಳು, ಈ ಐದಕ್ಕೆ ಮಾತ್ರ ಹಿಡಿಯುವ ಕೆಲಸ. ಹೆಬ್ಬೆರಳುಗಳು ಸುಮ್ಮನೆ ಜೊತೆಗಿರಲಿ. ಗ್ಲೌಸಿನ ಹೆಬ್ಬೆರಳ ಮೇಲೆ ತೂತು ಬಿದ್ದವರನ್ನು ನೋಡಿ, ಅವರು ಹೆಬ್ಬೆರಳಿನಿಂದ ಒತ್ತುತ್ತಿರುತ್ತಾರೆ ಅಥವಾ ಅದನ್ನು ಉದ್ದಕ್ಕೆ ಚಾಚಿರುತ್ತಾರೆ. ಬೆರಳ ತುದಿ ಹರಿದರೆ ಉಗುರು ಉದ್ದ ಇದೆ, ಇಲ್ಲಾ ಗ್ಲೌಸ್ ಗಿಡ್ಡ. ಕೊನೆಯ ಮೂರು ಬೆರಳುಗಳ ಭಾಗ ಸಮನಾಗಿ, ನಿಧಾನವಾಗಿ ಕಪ್ಪಾಗುತ್ತಾ ಬಂದರೆ ನಿಮ್ಮ ಹಿಡಿತ ಚೆನ್ನಾಗಿದೆ ಅಂತ ಖುಷಿಪಡಿ.

ಇನ್ನು ಗ್ಲೌಸ್ ಅಳತೆ. ಇದು ನನ್ನ ಕಸುಬಿನ ಮಾತು, ಸ್ವಲ್ಪ ಉದ್ದ ಆದರೂ ಓದಿ.

ಚೆನ್ನಾಗಿ ಹೊಲಿದ ಬ್ಲೌಸ್ ಹೇಗೆ ಕಂಕುಳ ಹತ್ತಿರ ನೆರಿಗೆ ಬೀಳದೆ, ಕೈ ಎತ್ತಿದರೆ ಎಳೆಯದೆ ಕೂರಬೇಕೋ, ಗ್ಲೌಸೂ ಹಾಗೇ ಕೂರಬೇಕು. ಎರಡು ಅಳತೆ ಬೇಕು. ಟೇಪನ್ನು ಹೆಬ್ಬೆರಳು ಬಿಟ್ಟು, ಗೆಣ್ಣುಗಳ ಮಟ್ಟದಲ್ಲಿ ಅಂಗೈ ಸುತ್ತ ಸುತ್ತಿ. ಆಮೇಲೆ ನಡುಬೆರಳಿನ ಬುಡದ ಗೆರೆಯಿಂದ ತುದಿಯವರೆಗೆ ಉದ್ದ ನೋಡಿ. ಈ ಎರಡನ್ನೂ ಕಂಪನಿಯ ಪಟ್ಟಿಯ ಜೊತೆ ಹೊಂದಿಸಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರಲ್ಲಿ ಸ್ಮಾಲ್ ಇದ್ದ ಹಾಗೆ ಇರಬಹುದು. ಆದ್ದರಿಂದ "ನಂದು ಮೀಡಿಯಂ" ಅಂತ ಬಾಯಿಪಾಠ ಮಾಡಿಕೊಳ್ಳುವುದು ಬೇಡ.

ಅಂಗಡಿಯಲ್ಲಿ ಹಾಕಿ ನೋಡುವಾಗ ಅವಸರ ಮಾಡಬೇಡಿ. ಮೊದಲು ನಾಲ್ಕು ಬೆರಳು ತೂರಿಸಿ, ಬೆರಳುಗಳ ಸಂದು ಪೂರ್ತಿ ಕೆಳಗೆ ಕೂರುವವರೆಗೆ ಇನ್ನೊಂದು ಕೈಯಿಂದ ಒತ್ತಿ. ಆಮೇಲೆ ಹೆಬ್ಬೆರಳು. ಕೊನೆಗೆ ವೆಲ್ಕ್ರೋ. ಪಟ್ಟಿ ತನ್ನ ಜಾಗದ ಮುಕ್ಕಾಲು ಭಾಗ ಮುಚ್ಚಿ, ಎಳೆಯಲು ಇನ್ನೂ ಸ್ವಲ್ಪ ಉಳಿದಿರಬೇಕು. ಚರ್ಮ ಬಳಸುತ್ತಾ ಹಿಗ್ಗುತ್ತದೆ, ಆಗ ಆ ಉಳಿದ ಜಾಗ ಬೇಕಾಗುತ್ತದೆ. ಹೊಸದರಲ್ಲೇ ಪಟ್ಟಿ ತುದಿ ಮುಟ್ಟಿದರೆ ಗ್ಲೌಸ್ ದೊಡ್ಡದು. ಅರ್ಧವೂ ಮುಚ್ಚದೆ ಎಳೆದು ನಿಂತರೆ ಚಿಕ್ಕದು. ಬೆರಳ ತುದಿಯಲ್ಲಿ ಚಿವುಟಿದರೆ ಚರ್ಮ ಮಾತ್ರ ಕೈಗೆ ಸಿಗಬಾರದು. ಅಂಗೈ ಚಾಚಿದಾಗ ಸುಕ್ಕು ಇರಬಾರದು. ಮುಷ್ಟಿ ಕಟ್ಟಿದಾಗ ಹಿಂಬದಿಯ ಹೊಲಿಗೆ ಬಿರಿಯುವ ಹಾಗೆ ಎಳೆಯಬಾರದು. ಆಮೇಲೆ ಅಂಗಡಿಯಲ್ಲಿರುವ ಒಂದು ಕ್ಲಬ್ ಕೇಳಿ ತಗೊಂಡು ಹಿಡಿದು ನೋಡಿ. ಬರೀ ಕೈ ನೋಡಿ ಹೇಳಿದ ಸೈಜ್ ನಂಬಬೇಡಿ.

ಅಂಗಡಿಯವರು ತಾವಾಗಿ ಹೇಳದ ಒಂದು ಸೈಜ್ ಇದೆ, ಕೆಡೆಟ್. ಅಂಗೈ ಅಗಲ, ಬೆರಳು ಗಿಡ್ಡ ಇರುವವರಿಗೆ ಮಾಡಿದ್ದು. ಕೆಡೆಟ್ ಮೀಡಿಯಂ ಅಂದರೆ ಅಂಗೈ ಮೀಡಿಯಂನಷ್ಟೇ, ಬೆರಳು ಮಾತ್ರ ಚಿಕ್ಕದು. ಅಗಲ ಅಂಗೈಯ ಎಷ್ಟೋ ಜನ ಈ ಹೆಸರೇ ಕೇಳದೆ ಲಾರ್ಜ್ ಹಾಕಿಕೊಂಡು, ಬೆರಳ ತುದಿಯಲ್ಲಿ ಖಾಲಿ ಚೀಲ ಮಾಡಿಕೊಂಡು ಆಡುತ್ತಿರುತ್ತಾರೆ. ಆ ಖಾಲಿ ಚರ್ಮ ಹಿಡಿಯ ಮೇಲೆ ಮಡಿಕೆ ಬೀಳುತ್ತದೆ, ಅಲ್ಲಿ ಕ್ಲಬ್ ಜಾರುತ್ತದೆ, ಜಾರಿದ್ದಕ್ಕೆ ಕೈ ಇನ್ನೂ ಬಿಗಿಯಾಗುತ್ತದೆ. ಅಣ್ಣನ ಮಗನದೂ ಇದೇ ಕಥೆ. ಅಳೆದು ನೋಡಿದರೆ ಅವನಿಗೆ ಬೇಕಿದ್ದದ್ದು ಕೆಡೆಟ್ ಮೀಡಿಯಂ ಲಾರ್ಜ್, ಅಂದರೆ ಮೀಡಿಯಂಗೂ ಲಾರ್ಜಿಗೂ ನಡುವಿನದು. ಸಿಕ್ಕ ಅಂಗಡಿಯಲ್ಲೆಲ್ಲ ಇದು ಇರುವುದಿಲ್ಲ, ಹೇಳಿ ತರಿಸಬೇಕಾಗುತ್ತದೆ. ತರಿಸಿ. ಕಾಯುವುದರಲ್ಲಿ ನಷ್ಟ ಏನೂ ಇಲ್ಲ.

ಹೆಂಗಸರಿಗೆ ಇನ್ನೊಂದು ಕಷ್ಟ. ನಮ್ಮ ಕಡೆಯ ಅಂಗಡಿಗಳಲ್ಲಿ ಹೆಂಗಸರ ಗ್ಲೌಸ್ ಇದ್ದರೆ ಒಂದೆರಡು, ಅದೂ ತೆಳು ಕೈಯವರಿಗೆ. ಮನೆಗೆಲಸ ಮಾಡಿ, ಮೆಷಿನ್ ತುಳಿದು, ಕತ್ತರಿ ಹಿಡಿದು ಗಟ್ಟಿಯಾದ ಕೈಗೆ ಅವು ಅಂಗೈಯಲ್ಲಿ ಏರುವುದಿಲ್ಲ. ಆಗ ಗಂಡಸರ ಕೆಡೆಟ್ ಸ್ಮಾಲ್ ಹಾಕಿ ನೋಡಿ. ನನಗೆ ಅದು ಸರಿಯಾಗಿ ಕೂತಿದೆ. ಡಬ್ಬಿ ಮೇಲೆ ಗಂಡಸರದು ಅಂತ ಬರೆದಿದ್ದರೆ ಬರೆದಿರಲಿ ಬಿಡಿ.

ಚರ್ಮವೋ ಸಿಂಥೆಟಿಕ್ಕೋ? ಒಳ್ಳೆಯ ಗ್ಲೌಸ್‌ಗಳಲ್ಲಿ ಕಬ್ರೆಟಾ ಚರ್ಮ ಇರುತ್ತದೆ. ಉಣ್ಣೆ ಬದಲು ಕೂದಲು ಬೆಳೆಯುವ ಜಾತಿಯ ಕುರಿಯ ಚರ್ಮ ಅದು. ತೆಳ್ಳಗೆ, ಮೆತ್ತಗೆ, ಹಿಡಿಯ ಸ್ಪರ್ಶ ಬೆರಳಿಗೆ ನೇರ ಸಿಗುತ್ತದೆ. ಆದರೆ ಬೆವರು, ನೀರು ಎರಡೂ ಅದಕ್ಕೆ ಆಗದು. ಸಿಂಥೆಟಿಕ್ ಅಗ್ಗ, ಜಾಸ್ತಿ ದಿನ ಬಾಳುತ್ತದೆ, ಸ್ಪರ್ಶ ಸ್ವಲ್ಪ ಮಂದ. ರೇಂಜಿನಲ್ಲಿ ಬಕೆಟ್‌ಗಟ್ಟಲೆ ಬಾಲ್ ಹೊಡೆಯಲು ಸಿಂಥೆಟಿಕ್, ಆಡುವ ದಿನಕ್ಕೆ ಚರ್ಮ, ಇದು ನನ್ನ ಲೆಕ್ಕ. ಮೈಸೂರಿನ ಹವೆಗೆ ಇದು ನಡೆಯುತ್ತದೆ. ಮಂಗಳೂರಿನ ಪಿಲಿಕುಳದಲ್ಲಿ ಆಡುವವರಿಗೆ ಬೇರೆಯೇ ಲೆಕ್ಕ. ಅಲ್ಲಿನ ಸೆಕೆಯಲ್ಲಿ ಕೆಲವೇ ಹೋಲ್ ಮುಗಿಯುವಷ್ಟರಲ್ಲಿ ಗ್ಲೌಸ್ ಹಿಂಡಿದರೆ ನೀರು ಬರುತ್ತದೆ. ಎರಡು ಗ್ಲೌಸ್ ಇಟ್ಟುಕೊಂಡು ಒಂದು ಆರುವಾಗ ಇನ್ನೊಂದು ಹಾಕಿಕೊಳ್ಳಬೇಕು. ಮಳೆಗಾಲಕ್ಕೆಂದೇ ಬಟ್ಟೆಯಂಥ ರೇನ್ ಗ್ಲೌಸ್ ಬರುತ್ತದೆ. ಅದು ಒದ್ದೆಯಾದಷ್ಟೂ ಚೆನ್ನಾಗಿ ಹಿಡಿಯುತ್ತದೆ, ಎರಡೂ ಕೈಗೆ ಹಾಕಿಕೊಳ್ಳುವುದೇ ವಾಡಿಕೆ.

ಎರಡು ಕೈಗೆ ಅಂದಾಗ ನೆನಪಾಯಿತು. ಭಾರತೀಯ ಮೂಲದ ಇಂಗ್ಲಿಷ್ ಆಟಗಾರ ಆರನ್ ರೈ ಬಿಸಿಲಿರಲಿ ಮಳೆ ಇರಲಿ ಎರಡೂ ಕೈಗೆ ಕಪ್ಪು ಗ್ಲೌಸ್ ಹಾಕುತ್ತಾನೆ. ಚಿಕ್ಕಂದಿನ ಅಭ್ಯಾಸ. ಫ್ರೆಡ್ ಕಪಲ್ಸ್ ಒಂದೂ ಹಾಕುವುದಿಲ್ಲ, 1992ರಲ್ಲಿ ಮಾಸ್ಟರ್ಸ್ ಟೂರ್ನಿ ಗೆದ್ದಿದ್ದೂ ಬರಿಗೈಯಲ್ಲೇ. ನಮ್ಮ ಕ್ಯಾಡಿಗಳಲ್ಲೂ ಎಷ್ಟೋ ಜನ ಬರಿಗೈಯಲ್ಲೇ ಕಲಿತವರು. ಅವರ ಅಂಗೈ ಮುಟ್ಟಿ ನೋಡಿದರೆ ಜಡ್ಡು ಎಲ್ಲಿ ಕಟ್ಟಬೇಕೋ ಅಲ್ಲೇ ಕಟ್ಟಿರುತ್ತದೆ, ಬೆರಳುಗಳ ಬುಡದಲ್ಲಿ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ನಮ್ಮ ಕ್ಯಾಡಿಗಳ ಮುಖದಲ್ಲಿ ಕಂಡ ಹೆಮ್ಮೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗ್ಲೌಸ್ ಇಲ್ಲದೆ ಆಡಲು ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಹಾಕುವುದಾದರೆ ಅಳತೆಗೆ ಸರಿಯಾಗಿ ಹಾಕಿ ಅನ್ನುತ್ತೇನೆ.

ಕ್ಲಬ್ಬಿನ ಹಿಡಿಯನ್ನೂ ನೋಡಿ. ಹಳೇ ರಬ್ಬರ್ ಒಣಗಿ ನುಣ್ಣಗೆ ಹೊಳೆಯುತ್ತಿದ್ದರೆ ಎಂಥ ಗ್ಲೌಸ್ ಹಾಕಿದರೂ ಜಾರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಉಗುರುಬೆಚ್ಚನೆ ನೀರು, ಹಳೇ ಟೂತ್‌ಬ್ರಷ್. ಚೆನ್ನಾಗಿ ಉಜ್ಜಿ ಒರೆಸಿ ಒಣಗಿಸಿ. ಅದಕ್ಕೂ ಸರಿಹೋಗದಿದ್ದರೆ ಬದಲಾಯಿಸಿ. ದಪ್ಪ ಸರಿ ಇದೆಯೇ ಅಂತ ನೋಡಲು ಎಡಗೈಯಲ್ಲಿ ಹಿಡಿದಾಗ ನಡುಬೆರಳು ಮತ್ತು ಉಂಗುರ ಬೆರಳಿನ ತುದಿ ಅಂಗೈಯನ್ನು ಹಗುರಾಗಿ ಮುಟ್ಟಬೇಕು. ಚುಚ್ಚಿದರೆ ಹಿಡಿ ಸಣ್ಣದಾಯಿತು, ಮಧ್ಯೆ ಸಂದು ಉಳಿದರೆ ದಪ್ಪ ಆಯಿತು.

ಆಟ ಮುಗಿದ ಮೇಲೆ ಗ್ಲೌಸನ್ನು ಮುದ್ದೆ ಮಾಡಿ ಬ್ಯಾಗಿನ ಜೇಬಿಗೆ ತುರುಕಬೇಡಿ. ಬೆವರಿನ ಉಪ್ಪು ಒಣಗಿ ಚರ್ಮ ಹಪ್ಪಳ ಆಗುತ್ತದೆ. ಬೆರಳುಗಳನ್ನು ನೇರ ಮಾಡಿ, ವೆಲ್ಕ್ರೋ ಮುಚ್ಚಿ, ನೆರಳಿನಲ್ಲಿ ಗಾಳಿಗೆ ಇಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಖಂಡಿತಾ ಬೇಡ. ಪಟ್ ಮಾಡುವಾಗ, ಅಂದರೆ ಬಾಲನ್ನು ಕುಳಿಯ ಕಡೆ ಉರುಳಿಸುವಾಗ ಕಳಚಿ, ಅಷ್ಟು ಹೊತ್ತು ಗಾಳಿಯಾಡಲಿ.

ಗ್ರಿಪ್ ಬದಲಾಯಿಸಿದ ಶುರುವಿನಲ್ಲಿ ಕೈಗೆ ಎಲ್ಲಾ ಅಪರಿಚಿತ ಅನಿಸುತ್ತದೆ. ಬಾಲ್ ಸ್ವಲ್ಪ ದಿನ ಎಡಕ್ಕೆ ಹೋಗಬಹುದು. ಹಳೇ ಹಿಡಿತಕ್ಕೆ ವಾಪಸ್ ಹೋಗಬೇಡಿ. ಮನೆಯಲ್ಲಿ ಟಿವಿ ಪಕ್ಕ ಒಂದು ಕ್ಲಬ್ ಇಟ್ಟುಕೊಳ್ಳಿ, ಜಾಹೀರಾತು ಬಂದಾಗಲೆಲ್ಲ ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ. ಬಾಲ್ ಹೊಡೆಯುವ ಅಗತ್ಯವೇ ಇಲ್ಲ. ರೇಂಜಿನಲ್ಲಾದರೆ ಏಳನೇ ಐರನ್ನಿನಲ್ಲಿ ಅರ್ಧ ಸ್ವಿಂಗ್ ಸಾಕು.

ಕೊನೆಯದಾಗಿ ಅಪ್ಪ ಅಮ್ಮಂದಿರಿಗೆ. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಾಗ ಅವಳ ಬ್ಯಾಗ್ ಹೊತ್ತಿದ್ದು ಅವಳ ಅಮ್ಮ. ಅದನ್ನು ಟಿವಿಯಲ್ಲಿ ನೋಡಿ ನನ್ನ ಕಣ್ಣು ತುಂಬಿತ್ತು. ಈಗ ನಮ್ಮ ಕ್ಲಬ್ಬಿಗೂ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುವ ಅಮ್ಮಂದಿರು ಕಾಣುತ್ತಾರೆ, ಅದರಷ್ಟು ಸಂತೋಷ ಬೇರೆ ಇಲ್ಲ. ಆದರೆ ಬೆಳೆಯುವ ಮಗು ಅಂತ ಒಂದು ಸೈಜ್ ದೊಡ್ಡ ಗ್ಲೌಸ್ ತರುತ್ತೀರಲ್ಲ, ದಯವಿಟ್ಟು ಅದು ಬೇಡ. ಯೂನಿಫಾರಂ ಆದರೆ ಮಡಿಚಿ ಹೊಲಿದು ಕೊಡುತ್ತೇನೆ, ಮುಂದಿನ ವರ್ಷ ಬಿಚ್ಚಿಕೊಳ್ಳಬಹುದು. ಗ್ಲೌಸಿಗೆ ಆ ಸೌಕರ್ಯ ಇಲ್ಲ. ಸಡಿಲ ಗ್ಲೌಸ್ ಹಾಕಿದ ಮಗು ಜಾರಿಹೋಗುವ ಭಯಕ್ಕೆ ಅಂಗೈಯಲ್ಲಿ ಬಿಗಿಯಾಗಿ ಹಿಡಿಯುವುದನ್ನು ಕಲಿಯುತ್ತದೆ, ಆಮೇಲೆ ಅದನ್ನು ಬಿಡಿಸಲು ವರ್ಷಗಳೇ ಬೇಕು. ಜೂನಿಯರ್ ಸೈಜ್ ತರಿಸಿಕೊಡಿ. ಸಿಗುವವರೆಗೆ ಬರಿಗೈಯಲ್ಲೇ ಆಡಲಿ.